ನಾಕು ಮಗ್ಗದ ನಡುವಿನ ಲಾಳಿ ಬ್ಯಾಂಡು

ನಮ್ಮ ಬನಹಟ್ಟಿಯೊಳಗ ಮೆಟಲ್ ಬ್ಯಾಂಡು ಇತ್ತು ಅಂದ್ರ ಈಗಿನ ಹುಡುಗರು ನಗ್ತಾರ. ಇತ್ತು. ನನ್ನ ಮಗ್ಗದ ಶೆಡ್ಡಿನ್ಯಾಗ ಹುಟ್ಟಿತು. ಕಟ್ಟಿದಾಂವ ನನ್ನ ತಂಗಿ ಮಗ ಮಾಳು.

ಮಾಳು ಬೀರಪ್ಪನ ಗುಡಿಯೊಳಗ ಡೊಳ್ಳು ಬಾರಿಸಿ ಬೆಳೆದಾಂವ. ನಮ್ಮ ಮನಿಯವರು ತೀರಿಕೊಂಡ ಮ್ಯಾಲೆ ನನ್ನ ನಾಕೂ ಪವರ್‌ಲೂಮ್ ಅವನೇ ನಡಸ್ತಿದ್ದ. ಎರಡು ಸಾವಿರದ ಆರರಾಗ ಇಬ್ಬರು ಗೆಳೆಯಾರನ್ನ ಕರಕೊಂಡು ಬಂದ. ಮಾಳು ಡ್ರಮ್ಮು ಬಾರಿಸಾಂವ. ಸಾತಪ್ಪನ ಕೈಯಾಗ ಮಿರಜದಿಂದ ತಂದ ಹಳೆ ಗಿಟಾರ್. ಹೊಳಬಸಪ್ಪ ಹಾಡಾಂವ, ಹಾಡೂದಂದ್ರ ಹೊಟ್ಟಿಯೊಳಗಿಂದ ಗುಡುಗೂದು. ಮಗ್ಗದಾಗ ನೂಲು ಹೊತ್ತು ಅತ್ತಿತ್ತ ಓಡತೈತಲ್ಲ, ಆ ‘ಲಾಳಿ’ ಹೆಸರೇ ಬ್ಯಾಂಡಿಗೆ ಇಟ್ಟರು.

“ದೊಡ್ಡವ್ವ, ಇಲ್ಲೇ ಬಾರಿಸ್ತೇವಿ. ಬ್ಯಾರೆ ಕಡೆ ಮಂದಿ ಬೈತಾರ.”

“ಬೈಯಾಕ ನಿಮ್ಮದು ಕೇಳಬೇಕಲ್ಲೋ,” ಅಂದೆ. ಮಗ್ಗ ನಡದಾಗ ಬಾಜೂದಾಂವ ಒದರಿದ್ದು ಕೇಳೂದಿಲ್ಲ.

ವರ್ಷದ ಮ್ಯಾಲೆ ಹುಬ್ಬಳ್ಳಿಯೊಳಗ ಸ್ಪರ್ಧಾ. ಅಲ್ಲಿ ಬಾರಿಸಾಕ ನಿಂತಾಗ ಮೂವರ ತಾಳ ಮೂರು ದಾರಿ ಹಿಡೀತಂತ. ಒಬ್ಬಾಂವ ಕೆಳಗಿಂದ “ಎಣ್ಣಿ ಹಾಕ್ರಲೇ, ಕಿರಗುಡಾಕತ್ತೈತಿ” ಅಂದನಂತ. ಮಾಳು ಬಂದು ಮಗ್ಗದ ಬಾಜೂ ಕುಂತ.

“ದೊಡ್ಡವ್ವ, ತಾಳ ನಾ ಹಿಡಿದಿದ್ದಿಲ್ಲ. ನಿನ್ನ ಮಗ್ಗ ಹಿಡಿದಿತ್ತು.”

ಖರೆ ಇತ್ತು. ಮೂವರೂ ಮಗ್ಗದ ಸಪ್ಪಳಕ್ಕ ಜೋತುಬಿದ್ದು ಬಾರಿಸ್ತಿದ್ದರು. ಮಗ್ಗ ಇಲ್ಲದ ಕಡೆ ಒಬ್ಬರನ್ನೊಬ್ಬರು ಹಿಡಿಯಾಕ ಬರತಿದ್ದಿಲ್ಲ. ಅದನ್ನ ಕಲೀದಿದ್ರ ಬ್ಯಾಂಡು ಅಲ್ಲಿಗೇ ಮುಗೀತಿತ್ತು.

ಮರುದಿನದಿಂದ ಸಂಜಿ ಆದ್ರ ನಾನೇ ಮಗ್ಗ ಬಂದ್ ಮಾಡಾಕತ್ತೆ. ನೆರೆಮನಿ ರತ್ನಾಬಾಯಿ ಬಂದಳು. “ಕರೆಂಟ್ ಇದ್ದಾಗ ಮಗ್ಗ ನಿಲ್ಲಸ್ತೀಯಲ್ಲ, ತಲಿ ನೆಟ್ಟಗೈತೇನು?”

“ಕರೆಂಟ್ ನಾಳಿನೂ ಬರತೈತಿ ಬಿಡ ಬೇ.”

ಮಾಳು ಡ್ರಮ್ಮಿನ ಬಾಜೂ ಡೊಳ್ಳು ಇಟ್ಟ. ತಪ್ಪಿದ್ರು, ಬೈದಾಡಿದ್ರು, ಮತ್ತ ಕೂಡಿದ್ರು. ಮುಂದ ಹುಬ್ಬಳ್ಳಿಗೆ ಹೋದಾಗ ನಾನೂ ಹೋದೆ. ಮುಂದಿನ ಸಾಲಿನ್ಯಾಗ ಕಿವಿ ಮುಚ್ಚದ ಕುಂತ ಮುದುಕಿ ನಾನೊಬ್ಬಾಕಿನೇ; ಮಗ್ಗದಾಗ ಬಾಳೇ ಮಾಡಿದ ಕಿವಿ ಅದಕ್ಕೇನು ಅಂಜತಾವ. ಮಂದಿ ಎದ್ದು ನಿಂತು ಚಪ್ಪಾಳಿ ಹೊಡದರು.

ಸೀಡಿ ಕಂಪನಿಯಾಂವ ಒಬ್ಬ ಬಂದು, ತಾ ಕೊಟ್ಟ ಹಾಡು ಹಾಡ್ರಿ ಅಂದ. “ಸಪ್ಪಳ ನಮ್ಮದೇ ಇರಲಿರೀ” ಅಂದ ಮಾಳು. ತಾವೇ ಸೀಡಿ ಮಾಡಿ ಮುಧೋಳ, ಜಮಖಂಡಿ ಅಂಗಡಿಗೆ ಹಂಚಿದರು.

ಎರಡು ಸಾವಿರದ ಹದಿಮೂರರಾಗ ಸಾತಪ್ಪಗ ಇಚಲಕರಂಜಿಯೊಳಗ ಕೆಲಸ ಸಿಕ್ಕಿತು, ಹೊಳಬಸಪ್ಪ ತೇರದಾಳದಾಗ ಮಾವನ ಅಂಗಡಿ ಹಿಡದ. “ಬ್ಯಾರೇವ್ರನ್ನ ಕೂಡಿಸ್ಕೋಲೇ, ಹೆಸರು ನೀನೇ ಇಟ್ಕೋ” ಅಂತ ಅವರೇ ಅಂದರು.

“ತಾಳ ಮೂವರೂ ಕೂಡಿ ಕಲ್ತೇವಿ. ಹೆಸರೂ ಮೂವರದೇ,” ಅಂದ ಮಾಳು.

ಕಡೀ ಸಲ ನಮ್ಮ ಶೆಡ್ಡಿನ್ಯಾಗೇ ಬಾರಿಸಿದರು. ಓಣಿ ಎಲ್ಲಾ ಬಂದಿತ್ತು, ರತ್ನಾಬಾಯಿಗೆ ನಾನೇ ಕುರ್ಚಿ ಹಾಕಿದೆ. ಕಡೀ ಹಾಡಿಗೆ ಮಾಳು ನನ್ನ ಕಡೆ ನೋಡಿ, “ದೊಡ್ಡವ್ವ, ಮಗ್ಗ ಚಾಲೂ ಮಾಡು” ಅಂದ.

ನಾಕೂ ಚಾಲೂ ಮಾಡಿದೆ. ಮಗ್ಗದ್ದು ಒಂದು ತಾಳ, ಮಾಳುಂದು ಬ್ಯಾರೇನೇ ತಾಳ. ಗೆಳೆಯಾರಿಬ್ಬರೂ ಮಗ್ಗದ ಕಡೆ ಒಂದೀಟೂ ಜಾರಲಿಲ್ಲ. ಅವರ ಕಣ್ಣು ಮಾಳುನ ಕೈ ಮ್ಯಾಲೇ ಇದ್ದವು.