ಬೋರ್ಡಮ್ಮನ ಹಳೇ ಸಾಲು

ತಪ್ಪು ತನ್ನದೇ ಅಂತ ನಾಲ್ಕು ಜನರ ಮುಂದೆ ನಗ್ತಾ ಹೇಳೋರನ್ನ ನಾನು ಒಬ್ಬರನ್ನೇ ನೋಡಿರೋದು. ಅದಕ್ಕೇ ಬರೀತಿದೀನಿ.

ಅವರು ನಮ್ಮ ಬಸ್ ಸ್ಟ್ಯಾಂಡಿನ ಬೋರ್ಡಮ್ಮ. ಯಾವ ಬಸ್ಸು ಎಷ್ಟೊತ್ತಿಗೆ ಅಂತ ದೀಪದ ಬೋರ್ಡಲ್ಲಿ ಬರುತ್ತಲ್ಲ, ಅದರ ಪ್ರೋಗ್ರಾಮ್ ಬರೆಯೋದು ಅವರು. ವೈರ್ ಎಳೆಯೋದು ನಾನು.

ಅವತ್ತು ಸಂಜೆ ನಾಲ್ಕಕ್ಕೆ ಹೊಸ ಟೈಮು ಶುರು. ಬೋರ್ಡಲ್ಲಿ ಹಳೇದೇ ಇದ್ರೆ ಜನ ಬಸ್ ತಪ್ಪಿಸ್ಕೋತಾರೆ. ಬೆಳಿಗ್ಗೆ ಆಫೀಸಿನವರು ಬೋರ್ಡಮ್ಮನ ಕಂಪ್ಯೂಟರಲ್ಲಿರೋ ಎಡಿಟರನ್ನ ಅಪ್‌ಗ್ರೇಡ್ ಮಾಡಿದ್ರು. ಪ್ರೋಗ್ರಾಮ್ ಟೈಪ್ ಮಾಡೋದು ಅದರಲ್ಲೇ. ಆಮೇಲಿಂದ ಎಂಟರ್ ಒತ್ತಿದ್ರೆ ಸಾಕು, ಮುಂದಿನ ಸಾಲು ತಾನೇ ಬಲಕ್ಕೆ ಓಡುತ್ತೆ. ಸಾಲಿನ ಮುಂದೆ ನಾಲ್ಕು ಖಾಲಿ ಜಾಗ ಬಿಡೋ ಕಡೆ ಎಂಟು. ಅವರ ಪ್ರೋಗ್ರಾಮಿಗೆ ಆ ಜಾಗವೇ ಪ್ರಾಣ. ಹೆಚ್ಚುಕಮ್ಮಿ ಆದ್ರೆ ನಡೆಯೋದೇ ಇಲ್ಲ.

ಬೋರ್ಡಮ್ಮ ಸಾಲನ್ನ ಕೈಯಲ್ಲೇ ಹಿಂದಕ್ಕೆ ಎಳೆದ್ರು. ಮತ್ತೆ ಎಂಟರ್, ಮತ್ತೆ ಓಟ.

ಮ್ಯಾನೇಜರ್ ಸಾಹೇಬ್ರು ಬಾಗಿಲಿಗೆ ಬಂದ್ರು. "ಏನಮ್ಮಾ, ಆಗುತ್ತಾ? ಇಲ್ಲಾಂದ್ರೆ ಸೀಮೆಸುಣ್ಣ ತಂದು ನಾನೇ ಬರೀತೀನಿ."

"ಬರೀರಿ ಸಾರ್. ನಿಮ್ಮ ಅಕ್ಷರ ಓದೋಕೂ ಒಬ್ಬರನ್ನ ಕರೆಸಿ."

ಸಾಹೇಬ್ರು ನಕ್ಕು ಹೋದ್ರು. ಇವರು ಗಡಿಯಾರ ನೋಡಿದ್ರು. ಎರಡೂವರೆ.

"ಅಣ್ಣಾ, ವೈರಲ್ಲಿ ಶಾರ್ಟ್ ಆದ್ರೆ ಹೇಗೆ ಹುಡುಕ್ತೀರ?" ಅಂತ ನನ್ನ ಕೇಳಿದ್ರು.

"ಅರ್ಧ ಬಿಚ್ಚಿಡ್ತೀನಮ್ಮ. ಸರಿಹೋದ್ರೆ ಬಿಚ್ಚಿದ ಅರ್ಧದಲ್ಲೇ ಐಬು."

ಎಡಿಟರಿಗೆ ತಾವೇ ಹಿಂದೆ ಬರೆದಿಟ್ಟಿದ್ದ ಸೆಟ್ಟಿಂಗ್ ಫೈಲ್ ತೆಗೆದ್ರು. ಅರ್ಧ ಎತ್ತಿಟ್ರು. ಎಂಟರ್ ಒತ್ತಿದ್ರು. ಸಾಲು ಸರಿಯಾಗಿ ನಿಂತಿತು. ಎತ್ತಿಟ್ಟಿದ್ರಲ್ಲಿ ಅರ್ಧ ವಾಪಸ್ ಹಾಕಿದ್ರು. ಸಾಲು ಮತ್ತೆ ಬಲಕ್ಕೆ ಓಡಿತು. ಹೀಗೇ ಅರ್ಧರ್ಧ ಮಾಡ್ತಾ ಮೂರು ಗಂಟೆಗೆ ಒಂದೇ ಸಾಲು ಸಿಕ್ತು. ಆರು ವರ್ಷದ ಹಿಂದೆ ಅವರೇ ಬರೆದದ್ದು. ಆಗ ಎಡಿಟರಿಗೆ ಜಾಗ ಬಿಡೋಕೆ ಬರ್ತಿರಲಿಲ್ಲ, ಆ ಸಾಲು ಬಿಡಿಸ್ತಿತ್ತು. ಈಗಿನ ಎಡಿಟರ್ ತಾನೂ ನಾಲ್ಕು ಬಿಡುತ್ತೆ, ಎರಡೂ ಸೇರಿ ಎಂಟು.

ಬೋರ್ಡಮ್ಮ ಹಣೆ ಚಚ್ಚಿಕೊಂಡು ನಕ್ಕರು. "ಅತ್ತೆನೂ ಉಪ್ಪು ಹಾಕಿದ್ರು, ಸೊಸೆನೂ ಹಾಕಿದ್ಲು! ನಮ್ಮನೇಲಿ ದಿನಾ ಆಗೋದೇ, ಇಲ್ಲಿ ಹೊಳೀಲಿಲ್ಲ ನೋಡಿ."

ಆ ಸಾಲು ಅಳಿಸಿ, ತಲೆ ಎತ್ತದೆ ಹೊಸ ಟೈಮೆಲ್ಲ ಟೈಪ್ ಮಾಡಿದ್ರು. ನಾಲ್ಕಕ್ಕೆ ಇನ್ನೂ ಎಂಟು ನಿಮಿಷ ಇರೋವಾಗ ಬೋರ್ಡ್ ಒಂದ್ಸಲ ಮಿಣುಕಿತು, ಹೊಸ ಟೈಮು ಬಂತು. ಡ್ರೈವರ್‌ಗಳೆಲ್ಲ ಹೋ ಅಂದ್ರು.

ಸಾಹೇಬ್ರು, "ಆ ಅಪ್‌ಗ್ರೇಡ್ ಮಾಡಿದೋರಿಗೆ ಮಾಡ್ತೀನಿ ತಡಿ" ಅಂದ್ರು.

"ಅವರದ್ದೇನಿಲ್ಲ ಸಾರ್. ನನ್ನ ಹಳೇ ಸಾಲು. ತಪ್ಪು ನನ್ನದೇ" ಅಂತ ಬೋರ್ಡಮ್ಮ ನಗ್ತಾ ಹೇಳಿದ್ರು.

"ಹಂಗಾದ್ರೆ ಟೀನೂ ನಿಮ್ಮದೇ!" ಅಂದ ಒಬ್ಬ ಡ್ರೈವರ್. ಬೋರ್ಡಮ್ಮ ಎಲ್ರಿಗೂ ಟೀ ಕುಡಿಸಿದ್ರು.

ನೀವು ಬಂದ್ರೆ ಟಿಕೆಟ್ ಕಿಟಕಿ ಪಕ್ಕದ ಸಣ್ಣ ರೂಮಿಗೆ ಇಣುಕಿ, ಮಾತಾಡಿಸಿ. ಬೋರ್ಡಲ್ಲಿ ಏನಾದ್ರೂ ತಪ್ಪು ಕಂಡ್ರೆ ಅವರಿಗೇ ಹೇಳಿ. ಬೇಜಾರು ಮಾಡ್ಕೊಳ್ಳಲ್ಲ.