ಮಂಡಿಯ ಅಂಗಳದಲ್ಲಿ ಕೂಗಿದ ಹಾಜರಿ

ಹೋದ ವಾರ ತಂಗಿಯ ಮಗ ಶಿರಾ ಕಡೆಯಿಂದ ಅರ್ಧ ಮೂಟೆ ಕಡಲೆಕಾಯಿ ತಂದು ಹಾಕಿದ. ಸಿಪ್ಪೆ ಗಟ್ಟಿಯಿತ್ತು. ನೀರು ಚಿಮುಕಿಸಿ, ಮೇಲೆ ಗೋಣಿಚೀಲ ಮುಚ್ಚಿಟ್ಟು ಸಂಜೆ ತೆಗೆದೆ. ಒದ್ದೆ ಸಿಪ್ಪೆಯ ಆ ಮಣ್ಣು ಮಣ್ಣಾದ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಮೊದಲ ಊರಿನ ಪಕ್ಕದ ಮನೆಯವರು ಕಣ್ಣ ಮುಂದೆ ಬಂದು ನಿಂತರು…

ಎಪ್ಪತ್ತರ ದಶಕದ ಕೊನೆ ಅದು. ಗೌಡಗೆರೆ ಹೋಬಳಿಯ ಒಂದು ಹಳ್ಳಿಯ ಶಾಲೆಗೆ ನಾನು ಟೀಚರಾಗಿ ಹೋಗಿ ಎರಡು ವರ್ಷವೂ ಆಗಿರಲಿಲ್ಲ. ನನ್ನ ಬಾಡಿಗೆ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅವರು ಅಂಕಿಸಂಖ್ಯೆ ಇಲಾಖೆಯಲ್ಲಿ ಸಣ್ಣ ನೌಕರರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂದು ಸಂತೆಯಿಂದ ಸಂತೆಗೆ ಸುತ್ತಿ, ರಾಗಿ, ಬೆಲ್ಲ, ಮೆಣಸಿನಕಾಯಿ, ಕುರಿ ಎಲ್ಲದರ ಬೆಲೆ ವಿಚಾರಿಸಿ ಬರೆದು ಮೇಲಿನವರಿಗೆ ಕಳಿಸುವುದು ಅವರ ಕೆಲಸ. ಊರೆಲ್ಲ ತಿರುಗಿ ಬೆಲೆ ಕೇಳಿ, ಕೊನೆಗೆ ಕೊಳ್ಳುತ್ತಿದ್ದದ್ದು ಒಂದು ಕಟ್ಟು ಸೊಪ್ಪು. ಊರವರು ಅವರನ್ನು ‘ರೇಟು ಬರ್ಯೋರು’ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಎದ್ದು ಸೈಕಲ್ ತುಳಿದುಕೊಂಡು ಹೋಗಿ ಬೆಲ್ಲದ ಬೆಲೆ ಬರೆದು ಇವರು ಸಾಧಿಸುವುದಾದರೂ ಏನು ಎಂದು ನಾನೂ ಒಳಗೊಳಗೇ ನಗುತ್ತಿದ್ದೆ.

ನನ್ನ ನಗು ನಿಂತದ್ದು ಆ ವರ್ಷದ ಮುಂಗಾರಿನಲ್ಲಿ. ಏಳನೇ ತರಗತಿಯ ಹುಡುಗಿಯರು ಇದ್ದಕ್ಕಿದ್ದಂತೆ ಶಾಲೆ ತಪ್ಪಿಸತೊಡಗಿದರು. ಒಂದು ವಾರ ಎಲ್ಲರೂ ಇರುತ್ತಿದ್ದರು, ಮುಂದಿನ ವಾರ ಇಬ್ಬರೋ ಮೂವರೋ. ಕೆಸರು ದಾರಿ, ಅದಕ್ಕೇ ಬಂದಿಲ್ಲ ಎನ್ನೋಣವೆಂದರೆ ಗಂಡುಹುಡುಗರು ಅದೇ ಕೆಸರು ತುಳಿದು ಬರುತ್ತಿದ್ದರು. ಅಷ್ಟರಲ್ಲಿ ಮೇಲಿನಿಂದ ಕಾಗದ ಬಂತು. ಹಾಜರಿ ಹೀಗೇ ಇದ್ದರೆ ಏಳನೇ ತರಗತಿಯನ್ನು ಮುಚ್ಚಿ ದೂರದ ಊರಿನ ಶಾಲೆಗೆ ಸೇರಿಸುತ್ತೇವೆ ಎಂದಿತ್ತು. ಹುಡುಗರು ಹೇಗೋ ಹೋದಾರು. ಹುಡುಗಿಯರನ್ನು ಅಷ್ಟು ದೂರ ಯಾರು ಕಳಿಸುತ್ತಾರೆ? ಅವರ ಓದು ಅಲ್ಲಿಗೆ ಮುಗಿದಂತೆಯೇ.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಮನೆ ಮನೆಗೆ ಹೋಗಿ ತಾಯಂದಿರಿಗೆ ಬೈದೆ. ಹೆಣ್ಣುಮಕ್ಕಳೆಂದರೆ ನಿಮಗೆ ಅಸಡ್ಡೆ ಎಂದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರೇ ಹೊರತು ಬಾಯಿ ಬಿಡಲಿಲ್ಲ. ಸಂಜೆ ಜಗಲಿಯಲ್ಲಿ ಪಕ್ಕದ ಮನೆಯವರ ಹೆಂಡತಿಯ ಮುಂದೆ ಗೋಳು ತೋಡಿಕೊಂಡೆ. ಹೋದ ವರ್ಷ ಇದೇ ತಿಂಗಳು ನನ್ನ ಕ್ಲಾಸು ತುಂಬಿತ್ತು, ನಿಮ್ಮ ಪಾಠದ ಮಹಿಮೆ ಎಂದು ಶಾಲಾ ಇನ್‌ಸ್ಪೆಕ್ಟರೇ ಹೊಗಳಿದ್ದರು ಎಂದೂ ಸೇರಿಸಿದೆ. ಪಕ್ಕದಲ್ಲೇ ಸೈಕಲ್ ಒರೆಸುತ್ತಿದ್ದ ಆಕೆಯ ಗಂಡ ತಲೆ ಎತ್ತಿದರು. “ಬಯ್ಯೋದು ಆಮೇಲೆ ಬಯ್ಯೀರಂತೆ ಟೀಚರಮ್ಮ. ಮೊದ್ಲು ಹಾಜ್ರಿ ಪುಸ್ತಕ ತಗೊಂಬನ್ನಿ, ಎರಡು ವರ್ಷದ್ದೂ.”

ಎರಡು ಸಂಜೆ ಅವರು ತಮ್ಮ ಸಂತೆಯ ಚೀಟಿಗಳನ್ನೂ ನನ್ನ ಪುಸ್ತಕಗಳನ್ನೂ ಅಕ್ಕಪಕ್ಕ ಹರಡಿಕೊಂಡು ಕೂತರು. ಬೆಲ್ಲಕ್ಕೂ ನನ್ನ ಹುಡುಗಿಯರಿಗೂ ಸಂಬಂಧ ಕಾಣಲಿಲ್ಲ. ರಾಗಿಗೂ ಇಲ್ಲ. ಬಿತ್ತನೆಯ ಕಡಲೆಬೀಜದ ಬೆಲೆಗೆ ಬಂದಾಗ ಅವರ ಪೆನ್ಸಿಲ್ ನಿಂತಿತು. ಆ ಬೆಲೆ ಜಿಗಿದ ವಾರಗಳಲ್ಲೆಲ್ಲ ಹುಡುಗಿಯರು ಗೈರು. ಮಳೆ ಬಿದ್ದ ಕೂಡಲೇ ಬೀಜಕ್ಕೆ ಜನ ಮುಗಿಬೀಳುತ್ತಿದ್ದರು. ಮಿಷನ್ನಿಗೆ ಹಾಕಿದರೆ ಬೀಜ ಒಡೆದು ಮೊಳೆಯುವುದಿಲ್ಲ, ಮೊದಲೇ ಸುಲಿದಿಟ್ಟರೆ ಕೆಡುತ್ತದೆ. ಮಳೆ ಬಂದ ಮೇಲೆಯೇ ಕೈಯಲ್ಲಿ ಸುಲಿಯಬೇಕು. ಆ ನಾಲ್ಕಾರು ದಿನ ಸುಲಿಯುವ ಕೂಲಿಯೂ ಏರುತ್ತಿತ್ತು. ನನ್ನ ಹುಡುಗಿಯರು ಆ ಕೂಲಿಗೆ ಹೋಗುತ್ತಿದ್ದಾರೆ ಎಂಬುದು ಅವರ ಲೆಕ್ಕ.

“ಹಂಗಾದ್ರೆ ಹೋದ ವರ್ಷ?” ಎಂದೆ.

“ಹೋದೊರ್ಷ ಮಳೆ ಎಲ್ಲಿತ್ತು? ಬೀಜದ ರೇಟು ಕದಲೇ ಇಲ್ಲ ನೋಡಿ. ನಿಮ್ಮ ಕ್ಲಾಸು ತುಂಬಿತ್ತು ಅಂದ್ರೆ ಹೊಲ ಖಾಲಿ ಬಿದ್ದಿತ್ತು ಅಂತ.”

ನನ್ನ ಜಂಬವೆಲ್ಲ ಜರ್ರನೆ ಇಳಿಯಿತು. ಒಂದು ಗಳಿಗೆ ಅವರ ಮೇಲೆ ಕೋಪವೂ ಬಂದಿತ್ತು ಎಂದು ಈಗ ಹೇಳಿಕೊಳ್ಳಬಹುದು…

ಇದನ್ನೇ ಉತ್ತರವಾಗಿ ಬರೆದು ಕಳಿಸಿದೆ. ಇನ್‌ಸ್ಪೆಕ್ಟರು ಬಂದಿಳಿದರು. “ಶಾಲೆಗೂ ಕಡಲೆಕಾಯಿಗೂ ಏನಮ್ಮ ಸಂಬಂಧ? ಕಥೆ ಹೇಳ್ತೀರಾ?” ಎಂದು ಗದರಿದರು. ಹಿಂದಿನ ರಾತ್ರಿ ಮಳೆಯಾಗಿತ್ತು. ಕ್ಲಾಸಿನಲ್ಲಿದ್ದದ್ದು ಒಬ್ಬಳೇ ಹುಡುಗಿ. ಯಾರೂ ಕರೆಯದೆ ಪಕ್ಕದ ಮನೆಯವರು ಬಾಗಿಲಲ್ಲಿ ಬಂದು ನಿಂತರು. “ಸಾರ್, ರಾತ್ರಿ ಹದವಾಗಿ ಬಿದ್ದೈತೆ. ರಸ್ತೆ ಬದಿ ಕಡ್ಲೇಕಾಯಿ ಮಂಡಿವರ್ಗೂ ಒಂದ್ಸಲ ಬಂದ್ಬುಡಿ. ನಾನು ಹೇಳಿದ್ದು ತಪ್ಪಾದ್ರೆ ಕ್ಲಾಸು ಮುಚ್ಚಿ.” ಪಣಕ್ಕಿಟ್ಟದ್ದು ನನ್ನ ಹುಡುಗಿಯರನ್ನು, ಇಟ್ಟವರು ಅವರು.

ಮಂಡಿ ಒಂದು ಮೈಲಿ ದೂರ. ಅಂಗಳದ ತುಂಬ ಒದ್ದೆ ಕಡಲೆಕಾಯಿಯ ರಾಶಿ, ಸುತ್ತ ಹೆಂಗಸರು, ಮಕ್ಕಳು. ನನ್ನನ್ನು ಕಂಡದ್ದೇ ನನ್ನ ಹುಡುಗಿಯರು ರಾಶಿಯ ಹಿಂದೆ ಮುಖ ಮರೆಸಿಕೊಂಡರು. ಪಕ್ಕದ ಮನೆಯವರು ಹಾಜರಿ ಪುಸ್ತಕವನ್ನು ನನ್ನ ಕೈಗಿಟ್ಟು, “ಕೂಗಿ ಟೀಚರಮ್ಮ” ಎಂದರು.

ಮೊದಲ ಹೆಸರು ಕೂಗಿದೆ. ಮತ್ತೆ ಕೂಗಿದೆ. ಮೂಲೆಯಿಂದ ಸಣ್ಣ ದನಿ: “ಹಾಜರ್ ಮಿಸ್.” ಆಮೇಲೆ ಇನ್ನೊಂದು, ಮತ್ತೊಂದು. ಗೈರಾದವರಲ್ಲಿ ಒಬ್ಬಳೂ ತಪ್ಪಲಿಲ್ಲ. ಎಲ್ಲರ ಹೆಬ್ಬೆರಳೂ ಕೆಂಪಗೆ ಬಾತಿತ್ತು.

ಇನ್‌ಸ್ಪೆಕ್ಟರು ಮಂಡಿಯ ಯಜಮಾನರನ್ನು “ಗಂಡುಹುಡುಗರನ್ನ ಯಾಕೆ ಕೂರಿಸೋದಿಲ್ಲ?” ಎಂದು ಕೇಳಿದರು.

“ಅವು ಸುಲಿಯೋದ್ಕಿಂತ ತಿನ್ನೋದೇ ಜಾಸ್ತಿ ಸ್ವಾಮಿ!”

ಇನ್‌ಸ್ಪೆಕ್ಟರಿಗೂ ನಗು ತಡೆಯಲಾಗಲಿಲ್ಲ. ಆಗ ನಾನು ಬೈದಿದ್ದ ತಾಯಿಯೊಬ್ಬಳು ಎದ್ದು ನಿಂತಳು. “ಹೇಳಿದ್ರೆ ಹೆಸ್ರು ಹೊಡೆದಾಕ್ತಾರೆ ಅಂತ ಸುಮ್ಕಿದ್ವಿ ಸ್ವಾಮಿ. ಬೆಳಿಗ್ಗೆ ಬೇಗ ಪಾಠ ಮಾಡಿ ಬುಟ್ಬುಡ್ಲಿ, ಒಂದಿನಾನೂ ತಪ್ಪಿಸಾಕಿಲ್ಲ.” ಬಿತ್ತನೆಯ ವಾರಗಳಲ್ಲಿ ಹೊತ್ತು ಮೂಡುತ್ತಲೇ ಕ್ಲಾಸು ನಡೆಸಲು ಅಲ್ಲೇ ಒಪ್ಪಿಗೆ ಸಿಕ್ಕಿತು. ತರಗತಿ ಉಳಿಯಿತು.

ಆ ಚಳಿಗಾಲದಲ್ಲೇ ಪಕ್ಕದ ಮನೆಯವರಿಗೆ ಪಾವಗಡದ ಕಡೆಗೆ ವರ್ಗವಾಯಿತು. ಹುಡುಗಿಯರು ಪಬ್ಲಿಕ್ ಪರೀಕ್ಷೆಗೆ ಕೂತಾಗ ಅವರು ಊರಲ್ಲಿರಲಿಲ್ಲ. ರಿಸಲ್ಟು ಬಂದ ಮೇಲೆ ಒಂದು ಕಾರ್ಡು ಬರೆಯಬೇಕೆಂದುಕೊಂಡೆ. ಇವತ್ತು ನಾಳೆ ಎನ್ನುತ್ತಾ ನನಗೂ ವರ್ಗವಾಯಿತು, ಮದುವೆಯಾಯಿತು, ಕಾರ್ಡು ಹಾಗೇ ಉಳಿಯಿತು… ಎಷ್ಟೋ ವರ್ಷದ ಮೇಲೆ ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಅವರ ಹೆಂಡತಿ ಸಿಕ್ಕರು. ಹಣೆ ಬರಿದಾಗಿತ್ತು. “ಆ ಹುಡುಗೀರು ಏನಾದ್ರೋ ಅಂತ ಕೇಳ್ತಾನೇ ಇದ್ರು ಕಣಮ್ಮ” ಎಂದರು. ಅಷ್ಟರಲ್ಲಿ ಅವರ ಬಸ್ಸು ಬಂತು.

ನನಗೂ ಈಗ ವಯಸ್ಸಾಯಿತು. ಒಳ್ಳೆಯ ಟೀಚರ್ ಎಂದು ಯಾರಾದರೂ ಹೊಗಳಿದರೆ ಆ ‘ರೇಟು ಬರ್ಯೋರ’ ಮಾತು ತೆಗೆಯದೆ ಬಿಡುವುದಿಲ್ಲ. ಅಂಥವರ ಪಕ್ಕದ ಮನೆಯಲ್ಲಿದ್ದೆ ಎಂಬುದು ನನಗೆ ಇಂದಿಗೂ ಹೆಮ್ಮೆಯೇ. ಆ ವರ್ಷ ಹನ್ನೊಂದು ಹುಡುಗಿಯರು ಪರೀಕ್ಷೆಗೆ ಕೂತಿದ್ದರು. ಹನ್ನೊಂದು ಜನವೂ ಪಾಸಾದರು. ಅದನ್ನು ಅವರಿಗೆ ತಿಳಿಸಬೇಕಾದವಳು ನಾನೊಬ್ಬಳೇ ಇದ್ದೆ, ತಿಳಿಸಲಿಲ್ಲ.