ವಾರವೆಲ್ಲ ಒಪ್ಪೊತ್ತು

ಆಗದ ಮಾತು ಎಂದು ಮೊದಲು ಹೇಳಿದವನು ನನ್ನ ಸೋದರಮಾವ. ಹನೂರು ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ನಮ್ಮಪ್ಪನ ಬೋಂಡದ ಗಾಡಿ. ಅದರ ಮುಂದೆ ನಿಂತು, ನಮ್ಮದೇ ಬೋಂಡ ಕೈಯಲ್ಲಿ ಹಿಡಿದು, ಗಿರಾಕಿಗಳೆಲ್ಲ ಕೇಳುವ ಹಾಗೆ ಹೇಳಿದ.

"ಇದು ಡಿಗ್ರಿ ಮಾಡದಂತಾ? ಬಾವ, ನಿಂಗ ಯಾರೇಳುದ್ರು? ಇವ್ಳು ಬಸ್ ಮೆಟ್ಲು ಅತ್ತಿ ಮುಗ್ಸಗಂಟ ಡ್ರೈವರ್ರು ಒಂದ್ ಬೀಡಿ ಸೇದಿ ಬಿಸಾಕಿರ್ತಾನ. ದಿನಾ ಕೊಳ್ಳೇಗಾಲಕ್ಕ ಓಗಿ ಬರದು ಇವ್ಳ ಕೈಲಿ ಆಗದ್ ಮಾತು, ಬುಡು."

ಗಿರಾಕಿಗಳು ನಕ್ಕರು. ಅಪ್ಪ ನಗಲಿಲ್ಲ, ಮಾವನನ್ನು ಬೈಯಲೂ ಇಲ್ಲ. ಜಾಲರಿಯಲ್ಲಿ ಬೋಂಡ ತಿರುವಿ ಹಾಕಿದ, ಅಷ್ಟೆ. ಮಾವ ಯಳಂದೂರಿನವನು, ಅವ್ವನ ಅಣ್ಣ, ಕಷ್ಟ ಬಂದಾಗಲೆಲ್ಲ ಬೈಕು ಹತ್ತಿ ಬಂದು ನಿಂತವನು. ಅವನಿಗೆ ಎದುರು ಮಾತು ನಮ್ಮ ಮನೆಯಲ್ಲಿ ಇರಲಿಲ್ಲ.

ನಾನಾಗ ಕೊಳ್ಳೇಗಾಲದಲ್ಲಿ ಮೊದಲ ಪಿಯುಸಿ. ನಮ್ಮ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದ್ದು ನಾನೊಬ್ಬಳೇ. ಅಪ್ಪ ನಾಲ್ಕನೇ ಕ್ಲಾಸಿಗೆ ಬಿಟ್ಟವನು, ಅವ್ವ ಇಸ್ಕೂಲಿನ ಬಾಗಿಲು ಮಾತ್ರ ನೋಡಿದವಳು. ಮಾವ ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ನಾನು ದಪ್ಪವಿದ್ದೆ. ಕಾಲೇಜಿನ ಮಹಡಿ ಹತ್ತಿದರೆ ಎದೆ ಹೊಡೆದುಕೊಳ್ಳುತ್ತಿತ್ತು, ಮಂಡಿ ನೋಯುತ್ತಿತ್ತು. ಹಿಂದಿನ ಬೆಂಚಿನ ಹುಡುಗರು ನನಗೆ 'ಬೋಂಡ' ಎಂದೇ ಹೆಸರಿಟ್ಟಿದ್ದರು. ಹಾಜರಿ ಕೂಗುವಾಗ ನನ್ನ ಸರದಿ ಬಂದರೆ ಯಾವನೋ ಒಬ್ಬ ಮೆಲ್ಲಗೆ, "ಬಿಸಿ ಬಿಸಿ..." ಅನ್ನುತ್ತಿದ್ದ.

ದಪ್ಪ ಆಕಾಶದಿಂದ ಬಿದ್ದದ್ದಲ್ಲ. ಸಂಜೆ ಕಾಲೇಜು ಬಿಟ್ಟು ಹನೂರಿನಲ್ಲಿ ಇಳಿದರೆ ನೇರ ಗಾಡಿಗೆ. ಅಲ್ಲಿ ಹಸಿವಿಗೆ ಬಿಸಿ ಬೋಂಡ. ಗಾಡಿ ಎತ್ತುವಾಗ ಉಳಿದದ್ದನ್ನು ಅವ್ವ ಕಟ್ಟಿಕೊಳ್ಳುತ್ತಿದ್ದಳು. ನಮ್ಮೂರು ಬಂಡಳ್ಳಿಯ ಮನೆಗೆ ಹೋದ ಮೇಲೆ ಮುದ್ದೆ ಸಾರಿನ ಪಕ್ಕ ಆ ತಣ್ಣನೆಯ ಬೋಂಡ. ಅನ್ನದ ವಸ್ತು ಎಸೆದರೆ ಕಣ್ಣು ಹೋಗುತ್ತದೆ ಎಂದು ನಂಬಿದ ಮನೆ ನಮ್ಮದು. ನಮ್ಮೆಲ್ಲರ ಕಣ್ಣು ಉಳಿಯಲಿ ಎಂದು ನಾನು ತಿನ್ನುತ್ತಾ ಬಂದಿದ್ದೆ.

ಮಾವ ಆ ಮಾತು ಹೇಳಿದ ವಾರವೇ ನಾನು ಶನಿವಾರ ಹಿಡಿದೆ.

ನಮ್ಮ ಕಡೆ ವಾರ ಹಿಡಿಯುವುದು ಅಂದರೆ ಒಂದು ದೇವರ ಹೆಸರಿನಲ್ಲಿ ಆ ದಿನ ಒಪ್ಪೊತ್ತು ಇರುವುದು, ಒಂದೇ ಹೊತ್ತು ಉಣ್ಣುವುದು. ಶನಿವಾರ ಬಿಳಿಗಿರಿ ರಂಗಪ್ಪನದು. ಅಪ್ಪನ ತಾಯಿ, ನಮ್ಮಜ್ಜಿ, ತಾನು ಮದುವೆಯಾಗಿ ಬಂದ ದಿನದಿಂದ ಶನಿವಾರ ಬಿಟ್ಟವಳಲ್ಲ. ನಾನೂ ಹಿಡಿಯುತ್ತೇನೆ ಎಂದಾಗ ಅವಳ ಮುಖ ಅರಳಿದ್ದು ನೋಡಬೇಕಿತ್ತು. ನಾನು ಸುಳ್ಳು ಹೇಳಿರಲಿಲ್ಲ. ಮೈ ಇಳಿಸಪ್ಪ, ಓದು ಮುಗಿಸಪ್ಪ ಎಂದು ನಿಜವಾಗಿಯೇ ಬೇಡಿಕೊಂಡಿದ್ದೆ.

ಶನಿವಾರ ಸಲೀಸಾಗಿ ಕಳೆಯಿತು. ಅದಕ್ಕೆ ಮಾದಪ್ಪನ ಸೋಮವಾರ ಸೇರಿಸಿದೆ. ಮಾರಮ್ಮನಿಗೆ ಮಂಗಳವಾರ. ಆಮೇಲೆ ಅವಳದೇ ಶುಕ್ರವಾರ. ಬರಬರುತ್ತಾ ಆ ಒಂದು ಹೊತ್ತಿನ ಊಟವೂ ಎರಡು ಬಾಳೆಹಣ್ಣಿಗೆ ಇಳಿಯಿತು. ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಹೇಗೆ ಅನ್ನುತ್ತಾರೆ? ಊಟ ಬಿಡುತ್ತೇನೆ ಅಂದರೆ ಅವ್ವ ಕೋಲು ತೆಗೆದುಕೊಳ್ಳುತ್ತಿದ್ದಳು; ವಾರ ಹಿಡಿದಿದ್ದೇನೆ ಅಂದರೆ ಮುದ್ದೆಯ ತಟ್ಟೆಯನ್ನು ತಾನೇ ಪಕ್ಕಕ್ಕೆ ಸರಿಸುತ್ತಿದ್ದಳು. ನೀರು ಹಿಡಿಯುವಲ್ಲಿ ಹೆಂಗಸರು, "ಈ ವಯಸ್ಗ ಎಂಥಾ ಭಕ್ತಿ ನೋಡಿ" ಅನ್ನುತ್ತಿದ್ದರು. ಬಟ್ಟೆ ಸಡಿಲವಾದ ಹಾಗೆ ಹೊಗಳಿಕೆಯೂ ಜಾಸ್ತಿಯಾಯಿತು. ಮಾವ ಕೂಡ ಒಂದು ಸಲ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನವ್ವಾ, ದೇವ್ರು ಕಣ್ ಬುಟ್ಟವ್ನ ಕನಾ" ಅಂದ. ಆ ಮಾತಿನ ಖುಷಿಯಲ್ಲಿ ಅವತ್ತು ಉಣ್ಣುವ ದಿನವಾಗಿದ್ದರೂ ಉಣ್ಣಲಿಲ್ಲ.

ಯಾರಿಗೂ ಕಾಣದ್ದು ಬೇರೆ ಇತ್ತು. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಬೇಸಿಗೆಯಲ್ಲೂ ಕೈ ತಣ್ಣಗೆ. ಮುಟ್ಟು ನಿಂತು ಹೋಗಿತ್ತು. ಅದೂ ದೇವರ ಕೆಲಸಕ್ಕೆ ಅನುಕೂಲವೇ ಆಯಿತು ಎಂದುಕೊಂಡೆ. ಪುಸ್ತಕ ತೆರೆದರೆ ಅಕ್ಷರ ಒಂದರ ಮೇಲೊಂದು ಹತ್ತಿಕೊಳ್ಳುತ್ತಿದ್ದವು. ಒಂದು ದಿನ ಅವ್ವ ಸಾರಿಗೆ ಒಗ್ಗರಣೆ ಹಾಕುವ ವಾಸನೆಗೆ ಅಳು ಬಂದು, ಅವಳ ಮೇಲೇ ಕಿರುಚಿದೆ. ಉಪವಾಸ ಇರುವವರಿಗೆ ಸಿಟ್ಟು ಬರುವುದು ಸಹಜ ಎಂದು ಅವಳು ಸುಮ್ಮನಾದಳು.

ಎರಡನೇ ಪಿಯುಸಿಯಲ್ಲಿ ಒಂದು ಬೆಳಿಗ್ಗೆ ಬಸ್ಸಿನಲ್ಲಿ ನಿಂತಿದ್ದೆ. ಕೊಳ್ಳೇಗಾಲ ಬಂತು, ಜನ ಇಳಿಯತೊಡಗಿದರು. ಮೇಲಿನ ಕಂಬಿ ಹಿಡಿದ ಕೈ ನನ್ನದಲ್ಲ ಅನ್ನಿಸಿತು. ಆಮೇಲೆ ಕಂಡಕ್ಟರ್ ದನಿ ಮಾತ್ರ ಕೇಳಿತು: "ಯಾರ್ ಮಗಳ್ರೀ ಇದು? ನೀರ್ ತನ್ನಿ, ನೀರು!"

ಸರ್ಕಾರಿ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಅಪ್ಪ ಬಾಗಿಲ ಹತ್ತಿರ ನಿಂತಿದ್ದ. ಅಂಗಿಗೆ ಕಡಲೆಹಿಟ್ಟು ಮೆತ್ತಿಕೊಂಡೇ ಇತ್ತು. ಡಾಕ್ಟರಮ್ಮ ನನ್ನ ನಾಡಿ ಹಿಡಿದು ಕೇಳಿದರು.

"ನಿನ್ನೆ ಏನು ತಿಂದೆ?"

"ನಿನ್ನೆ ಮಂಗಳವಾರ, ಮೇಡಂ."

"ಸರಿ. ಮೊನ್ನೆ?"

"ಮೊನ್ನೆ ಸೋಮವಾರ."

"ನಾನು ವಾರ ಕೇಳ್ತಿಲ್ಲಮ್ಮ, ಊಟ ಕೇಳ್ತಿದೀನಿ."

ಅಪ್ಪನೇ ಮುಂದೆ ಬಂದು ಹೇಳಿದ: "ದೇವರ್ ವಾರ ಮೇಡಂ. ರಂಗಪ್ಪಂದು, ಮಾದಪ್ಪಂದು, ಮಾರಮ್ಮಂದು..."

"ಇನ್ನೂ ಯಾರ್ದಾದ್ರೂ ಬಾಕಿ ಇದೆಯಾ?"

ನರ್ಸಮ್ಮ ನಕ್ಕರು. ಡಾಕ್ಟರಮ್ಮ ನಗಲಿಲ್ಲ. ಅಪ್ಪನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಬೆಳೆಯುವ ವಯಸ್ಸಿನ ಮೈ ಹಸಿವಿನಲ್ಲಿ ಕರಗಿಸುವುದು ಕೊಬ್ಬನ್ನಷ್ಟೇ ಅಲ್ಲ, ರಕ್ತ, ಮೂಳೆ, ಬುದ್ಧಿ ಎಲ್ಲವನ್ನೂ. ಮೂರು ಹೊತ್ತು ಉಣ್ಣಬೇಕು. ಮುದ್ದೆ ಬಿಡಬಾರದು, ಚಿಕ್ಕದು ಸಾಕು; ಸೊಪ್ಪು ಕಾಳು ಜಾಸ್ತಿ ಇರಲಿ. ಎಣ್ಣೆಯಲ್ಲಿ ಕರಿದದ್ದು ಯಾವಾಗಲೋ ಒಮ್ಮೆ. ದಿನಾ ನಡೆಯಬೇಕು, ಚೆನ್ನಾಗಿ ನಿದ್ದೆ ಮಾಡಬೇಕು. "ತೂಕ ತಾನಾಗಿ ನಿಧಾನಕ್ಕೆ ಇಳಿಯುತ್ತೆ. ಇವಳು ತೂಕದ ಯೋಚನೆ ಬಿಡಲಿ, ಅದನ್ನು ನಾನು ನೋಡ್ಕೋತೀನಿ. ಒಂದು ತಿಂಗಳು ಬಿಟ್ಟು ಕರ್ಕೊಂಡು ಬನ್ನಿ."

ಎರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಹೋಗುವಷ್ಟರಲ್ಲಿ ಮಾವ ಬಂದಿದ್ದ.

"ಬಸ್ನಾಗ ಬಿದ್ದವ್ಳು ನಾಳ ಟೈರ್ ಕೆಳಗ ಬೀಳಲ್ಲ ಅಂತ ಏನ್ ಗ್ಯಾರಂಟಿ, ಬಾವ? ಯಳಂದೂರ್ಗ ಕಳ್ಸು. ನಮ್ ಮನ ಪಕ್ಕ ಬಟ್ಟ ವಲಿಗ ಕಲುಸ್ತಾರ. ಕುಂತ್ಕಂಡ್ ಮಾಡೋ ಕೆಲ್ಸ."

ಅಪ್ಪ ನನ್ನ ಕಡೆ ನೋಡದೆ ಹೇಳಿದ: "ಒಂದ್ ತಿಂಗ್ಳು ಕಾಲೇಜ್ಗ ಓಗ್ಬ್ಯಾಡ. ಡಾಕ್ಟ್ರಮ್ಮ ಸರ್ಯಾಗವ್ಳ ಅಂದ್ರ ಓದು. ಇಲ್ಲಾಂದ್ರ, ನಿಮ್ ಮಾವ ಏಳ್ದಂಗ."

ಪಬ್ಲಿಕ್ ಪರೀಕ್ಷೆ ಹತ್ತಿರದಲ್ಲಿತ್ತು. ಒಂದು ತಿಂಗಳು ಉಂಡು ಸರಿಯಾಗಬೇಕು, ಇಲ್ಲವೇ ಓದು ಅಲ್ಲಿಗೆ ಮುಗಿಯಿತು. ನಾನು ಉಣ್ಣಲು ತಯಾರಾಗಿ ತಟ್ಟೆಯ ಮುಂದೆ ಕೂತೆ. ಅವತ್ತು ಶುಕ್ರವಾರ, ಬೆಳಿಗ್ಗೆ ಆಸ್ಪತ್ರೆಯಲ್ಲೇ ಒಂದು ಹೊತ್ತು ಉಂಡಾಗಿತ್ತು. ಅಜ್ಜಿ ತಟ್ಟೆಗೆ ಅಡ್ಡ ಕೈ ಇಟ್ಟಳು.

"ವಾರ ಮುರೀಬ್ಯಾಡ ಕೂಸೇ. ಇಡ್ದ ವಾರ ಬುಟ್ರ ಮನಗ ಆಗಿಬರಲ್ಲ."

"ಡಾಕ್ಟ್ರು ಏಳವ್ರ ಕನವ್ವ!" ಅಪ್ಪ ರೇಗಿದ.

"ಡಾಕ್ಟ್ರ ಮನ ಕೊಳ್ಳೇಗಾಲದಲ್ಲದ. ಮಾರಮ್ಮ ಇರದು ನಮ್ ಬೀದಿಲಿ."

ಇದು ತಮಾಷೆಗೆ ಹೇಳಿದ ಮಾತಲ್ಲ. ಅಜ್ಜಿಯ ಮೊದಲ ಮಗು ಒಂದು ಜ್ವರದಲ್ಲಿ ಹೋದದ್ದು ಹರಕೆ ತಪ್ಪಿದ ವರ್ಷವೇ ಎಂದು ಅವಳ ಲೆಕ್ಕ. ಅವ್ವ ಅಪ್ಪನ ಮುಖ ನೋಡಿದಳು, ಅಪ್ಪ ಅಜ್ಜಿಯ ಮುಖ ನೋಡಿದ. ಸಾರು ಆರಿತು. ನಾನು ಏಳಲೂ ಆಗದೆ, ಕೈ ಹಾಕಲೂ ಆಗದೆ ಕೂತೆ. ಎರಡು ದಿನ ಹೀಗೇ ಕಳೆಯಿತು. ಅವಳ ಕಣ್ಣು ತಪ್ಪಿಸಿ ಉಂಡದ್ದು ಮೈಗೆ ಹತ್ತಲಿಲ್ಲ, ಎಲ್ಲ ವಾಂತಿಯಾಯಿತು.

ಸೋಮವಾರ ಬೆಳಿಗ್ಗೆ ಅಜ್ಜಿ ಮಿಂದು, ವಿಭೂತಿ ಬಳಿದುಕೊಂಡು ನನ್ನ ಹಾಸಿಗೆಯ ಬಳಿ ಬಂದಳು. "ಏಳು. ನಿನ್ ವಾರನೆಲ್ಲ ನಾ ತಕಂಡಿವ್ನಿ. ದೇವ್ರ ಮುಂದ ಏಳಾಯ್ತು. ಸೋಮ್ವಾರ, ಮಂಗ್ಳವಾರ, ಸುಕ್ರವಾರ, ಶನ್ವಾರ, ಎಲ್ಲಾ ನಂದೇಯ. ನೀನು ಉಣ್ಣು."

"ನಿಂಗ ಆಗ್ತದಾ ಅಜ್ಜಿ, ಈ ವಯಸ್ಗ?"

"ನಂಗೇನು? ಬಾಯ್ಲಿ ಒಂದ್ ಅಲ್ಲೂ ಇಲ್ಲ, ಉಂಡದ್ದು ಅರಗಲ್ಲ. ಎರಡ್ ಬಾಳಣ್ಣು ಒಂದ್ ಲೋಟ ಆಲು ಸಾಕು. ನಿಂಗ ಓದದು ಬ್ಯಾರ ಅದ."

ಮೂರು ಹೊತ್ತೂ ಅವಳು ನನ್ನ ಎದುರು ಗೋಡೆಗೆ ಒರಗಿ ಕೂರುತ್ತಿದ್ದಳು. ನಾನು ಉಣ್ಣುತ್ತಿದ್ದೆ, ಅವಳು ನೋಡುತ್ತಿದ್ದಳು. ಅಂಥ ಊಟ ಮತ್ತೊಮ್ಮೆ ಯಾರಿಗೂ ಬೇಡ. ಪ್ರತಿ ತುತ್ತೂ ಅವಳದು ಎನ್ನುವ ಹಾಗಿತ್ತು. ಬಿಟ್ಟೆದ್ದರೆ ಅವಳ ಹಸಿವು ದಂಡವಾಗುತ್ತದೆಂದು ತಟ್ಟೆ ಖಾಲಿ ಮಾಡುತ್ತಿದ್ದೆ. ಬೆಳಿಗ್ಗೆ ಇಬ್ಬರೂ ಕೆರೆ ಏರಿಯ ಮೇಲೆ ನಡೆಯುತ್ತಿದ್ದೆವು, ಅವಳ ಎರಡು ಮೇಕೆ ಮುಂದೆ.

ಕಾಲೇಜಿಲ್ಲದ್ದರಿಂದ ಅವ್ವನ ಜೊತೆ ಗಾಡಿಗೆ ಹೋಗುತ್ತಿದ್ದೆ, ಅಲ್ಲಿ ಇನ್ನೊಂದು ಜಗಳ. ಸಂಜೆಯ ಬೋಂಡ ನನಗೆ ಬೇಡ ಅಂದದ್ದು ಅಪ್ಪನಿಗೆ ನಾಟಿತು. "ನಾವ್ ಕರಿಯ ಎಣ್ಣ ಕೆಟ್ಟದ್ದಾ? ಊರೆಲ್ಲ ತಿಂತದ, ನಿಂಗ ಇಡ್ಸಲ್ವಾ?" ಎಂದು ಮುಖ ತಿರುಗಿಸಿದ. ಮಾರನೇ ದಿನ ಏನೂ ಹೇಳದೆ ಒಲೆಯ ಇನ್ನೊಂದು ಕಡೆ ಹುರುಳಿಕಾಳು ಬೇಯಿಸಿ, ಈರುಳ್ಳಿ ಕೊತ್ತಂಬರಿ ಉದುರಿಸಿ ಉಸ್ಲಿ ಮಾಡಿಟ್ಟಿದ್ದ. ಹಿಟ್ಟು ಕಲಸುವಾಗ ಅವ್ವನಿಗೆ, "ಇವತ್ತು ಕಮ್ಮಿ ಕಲ್ಸು, ಉಳೀಬಾರ್ದು" ಅಂದ.

ತಿಂಗಳು ತುಂಬುವ ಮುಂಚೆ ನನಗೆ ಹೆದರಿಕೆ ಶುರುವಾಯಿತು. ಕೆನ್ನೆ ತುಂಬಿಕೊಂಡಿತ್ತು. ಬಿಗಿ ಮಾಡಿ ಹೊಲಿದುಕೊಂಡಿದ್ದ ಚೂಡಿದಾರ ಮತ್ತೆ ಹಿಡಿಯುತ್ತಿತ್ತು. ತೂಕ ಏರಿತ್ತು. ಆಸ್ಪತ್ರೆಗೆ ಹೊರಟ ದಿನ ಅಪ್ಪ ಅವ್ವನ ಜೊತೆಗೆ ಮಾವನೂ ಬಂದ, ಸಾಕ್ಷಿಗೆ ಬಂದವನ ಹಾಗೆ. ಬಸ್ಸಿನಲ್ಲೇ ಅಪ್ಪನ ಕಿವಿಯಲ್ಲಿ, "ಮತ್ತ ಊದ್ಕಂಡವ್ಳ, ನೋಡು" ಅಂದದ್ದು ನನಗೂ ಕೇಳಿಸಿತು. ತೂಕ ಏರಿದರೆ ಸರಿಯಾಗಿಲ್ಲ ಎಂದೇ ಅರ್ಥ ಎಂದು ನಾನೂ ತಿಳಿದಿದ್ದೆ.

ಡಾಕ್ಟರಮ್ಮ ನನ್ನನ್ನು ತೂಕದ ಯಂತ್ರದ ಮೇಲೆ ಬೆನ್ನು ಮಾಡಿ ನಿಲ್ಲಿಸಿದರು. ಅಂಕಿ ಅವರಿಗೆ ಕಾಣುತ್ತಿತ್ತು, ನನಗಿಲ್ಲ. ಮಾವ ಕತ್ತು ಉದ್ದ ಮಾಡಿ ನೋಡಿ, "ಎಚ್ಚಾಗದ ಮೇಡಂ!" ಎಂದು ಕೂಗಿದ. ಡಾಕ್ಟರಮ್ಮ ನನ್ನ ಕಣ್ಣ ರೆಪ್ಪೆ ಎಳೆದು ನೋಡಿದರು, ರಕ್ತದ ರಿಪೋರ್ಟು ನೋಡಿದರು, ಅವ್ವನನ್ನು ಹೊರಗೆ ಕರೆದು ಮುಟ್ಟಿನ ವಿಷಯ ಕೇಳಿದರು. ಒಳಗೆ ಬಂದ ಮೇಲೆ ಅಪ್ಪನಿಗೆ ಹೇಳಿದರು: "ಹೆಚ್ಚಾಗಬೇಕಿತ್ತು, ಆಗಿದೆ. ಖಾಲಿಯಾಗಿದ್ದ ಮೈ ತುಂಬಿಕೊಂಡಿದೆ. ಇನ್ನು ಹೀಗೇ ಉಂಡು ನಡೆದರೆ ಇಳಿಯೋದು ಇಳಿಯುತ್ತೆ, ವರ್ಷ ಎರಡು ವರ್ಷ ಹಿಡೀಲಿ. ನಿಮ್ಮ ಹುಡುಗಿ ಚೆನ್ನಾಗಿದಾಳೆ."

"ಕಾಲೇಜ್ಗ ಕಳುಸ್ಬೋದಾ ಮೇಡಂ?" ಅಪ್ಪ ಕೇಳಿದ.

"ಯಾಕೆ, ಇಷ್ಟು ದಿನ ಕಳಿಸ್ತಿರಲಿಲ್ವಾ?"

ಅಪ್ಪ ತಲೆ ಕೆರೆದುಕೊಂಡ. ಮಾವನ ಕಡೆ ನೋಡಲಿಲ್ಲ. ಆಸ್ಪತ್ರೆಯ ಗೇಟು ದಾಟಿದ್ದೇ, "ನೀನು ಇಲ್ಲಿಂದ್ಲೇ ಕಾಲೇಜ್ಗ ಓಗು, ಮಧ್ಯಾನದ ಪಾಠ ಆದ್ರೂ ಸಿಕ್ತದ" ಅಂದ. ಪುಸ್ತಕವಿಲ್ಲ, ಪೆನ್ನಿಲ್ಲ, ಹಾಗೇ ಹೋದೆ.

ಪರೀಕ್ಷೆ ಮುಗಿದ ಮೇಲೆ ಒಂದು ಶನಿವಾರ ಎಲ್ಲರೂ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ತಪ್ಪು ಕಾಣಿಕೆ ಹಾಕಿ, ಅಜ್ಜಿಯ ಮೇಲಿದ್ದ ನನ್ನ ವಾರಗಳನ್ನು ಇಳಿಸಿ ಬಂದೆವು. ತನ್ನ ಶನಿವಾರವನ್ನು ಮಾತ್ರ ಅವಳು ಬಿಟ್ಟುಕೊಡಲಿಲ್ಲ.

ನಾನು ಕಡ್ಡಿಯಂತೆ ಸಣ್ಣಗಾಗಲಿಲ್ಲ, ಈಗಲೂ ಇಲ್ಲ. ಇಳಿದದ್ದು ನಿಧಾನಕ್ಕೆ, ನನಗೇ ಗೊತ್ತಾಗದ ಹಾಗೆ. ಡಿಗ್ರಿಯ ಎರಡನೇ ವರ್ಷದಲ್ಲಿ ಒಂದು ದಿನ ಕಾಲೇಜಿನ ಮಹಡಿ ಹತ್ತಿ, ಗೆಳತಿಯ ಜೊತೆ ಹರಟುತ್ತಲೇ ಕ್ಲಾಸಿಗೆ ಹೋಗಿ ಕೂತೆ. ಕೂತ ಮೇಲೆ ಹೊಳೆಯಿತು, ಎಲ್ಲೂ ನಿಂತಿರಲಿಲ್ಲ. ಅವತ್ತು ಪಾಠ ಕೇಳಿದ ನೆನಪಿಲ್ಲ. ಊಟ ಬಿಟ್ಟ ದಿನಗಳಲ್ಲಿ ಸಿಗದ ಒಂದು ಧೈರ್ಯ ಉಂಡ ದಿನಗಳಲ್ಲಿ ಸಿಕ್ಕಿತು. ನಾನು ಡಿಗ್ರಿ ಮುಗಿಸಿದ್ದು ಅದರ ಮೇಲೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಹೆಮ್ಮೆಯಿದೆ. ನಮ್ಮ ವಂಶದಲ್ಲಿ ಮೊದಲ ಪದವಿ ನನ್ನದು.

ಸರ್ಟಿಫಿಕೇಟು ಕಾಲೇಜು ಆಫೀಸಿನಲ್ಲಿ ಕೊಟ್ಟರು. ಸಹಿ ಹಾಕಿ ಈಸಿಕೊಂಡು, ಮಡಿಕೆ ಬೀಳದ ಹಾಗೆ ಫೈಲಿನಲ್ಲಿಟ್ಟು, ಹನೂರಿನಲ್ಲಿ ಇಳಿದೆ. ಸಂಜೆಯ ವ್ಯಾಪಾರ ಜೋರಾಗಿತ್ತು. ಅಪ್ಪ ನನ್ನನ್ನು ನೋಡಿ ಒಲೆ ಸಣ್ಣಗೆ ಮಾಡಿದ. ಸೋಪು ಹಾಕಿ ಮೊಣಕೈವರೆಗೂ ಕೈ ತೊಳೆದ, ಟವೆಲ್ಲಿನಲ್ಲಿ ಒರೆಸಿಕೊಂಡ, ಮತ್ತೊಮ್ಮೆ ಒರೆಸಿಕೊಂಡ. ಗಿರಾಕಿ ಒಬ್ಬ, "ಎಲ್ಡ್ ಪ್ಲೇಟ್ ಕೊಡಣ್ಣ" ಅಂದರೆ, "ಇರಪ್ಪ ಒಸಿ" ಅಂದ. ನಾನು ಅವನ ಎರಡೂ ಕೈಗೆ ಸರ್ಟಿಫಿಕೇಟು ಕೊಟ್ಟೆ. ಅದರ ಇಂಗ್ಲಿಷು ಅವನಿಗೆ ಬಾರದು. ಬಲ್ಬಿನ ಬೆಳಕಿಗೆ ಹಿಡಿದು, ಮೇಲಿನಿಂದ ಕೆಳಗಿನವರೆಗೂ ಕಣ್ಣಾಡಿಸಿ, ಹಿಂದಿನ ಪಕ್ಕವನ್ನೂ ತಿರುಗಿಸಿ ನೋಡಿದ. ಆಮೇಲೆ ಹೇಳಿದ:

"ಲ್ಯಾಮಿನೇಸನ್ ಮಾಡುಸ್ಬ್ಯಾಡ ಕನವ್ವ, ಆಮೇಲ ತಕ್ಕಳಲ್ವಂತ. ಮುಂದ್ಕ ಓದಕ್ಕ ಸೇರುವಾಗ ಇದ್ನೇ ಕೇಳ್ತಾರಂತ."